ನಡುಕ ಚಕ್ರದ್ದೋ, ಎಂಜಿನ್ನಿನದ್ದೋ? ಅಲಾಯ್ ಹಾಕಿ ಎಂಜಿನ್ ಬದಲಿಸಿದ ಕಾರಿನಲ್ಲಿ ದೋಷ ಹುಡುಕಿದ ಬಗೆ

ಮಳೆಗಾಲ ಮುಗಿದ ವಾರ ಅಳಿಯನ ಫೋನ್ ಬಂತು. ಅಕ್ಕನ ಮಗ, ಪುಣೆ ಪಕ್ಕದ ಚಿಂಚವಡದಲ್ಲಿ ಕೆಲಸ. "ಮಾಮಾ, ಎಂಬತ್ತೈದು ದಾಟಿದ್ರ ಸಾಕು, ಸ್ಟೇರಿಂಗ್ ಗಡಗಡ ನಡುಗತೈತಿ. ನಾಕ್ ಸಲ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸೀನಿ. ಮಷೀನ್ ಮ್ಯಾಲೆ ಸೊನ್ನೆ ತೋರಸತೈತಿ, ರೋಡಿಗೆ ಬಂದ್ರ ಮತ್ತ ಅದ ಹಾಡು."

ಕಾರು 2001ರ ಹೋಂಡಾ ಸಿಟಿ. ಅದು ಸ್ಪೋರ್ಟ್ಸ್ ಕಾರಾ ಅಂತ ನಗಬೇಡಿ. 1998ರಲ್ಲಿ ನಮ್ಮ ದೇಶಕ್ಕೆ ಬಂದ ಈ ಮೊದಲ ಸಿಟಿಯನ್ನು ಇವತ್ತಿಗೂ ಹುಡುಗರು ಹುಡುಕಿ ಕೊಳ್ಳುತ್ತಾರೆ. ಹಗುರ ಬಾಡಿ, ಏರಿದಷ್ಟೂ ಏರುವ ಎಂಜಿನ್. ಆಮೇಲೆ ಬಂದ 1.5 ಲೀಟರ್ ವಿಟೆಕ್ ಮಾದರಿಗೆ (ಸುತ್ತು ಏರಿದಾಗ ವಾಲ್ವ್‌ಗಳನ್ನು ಹೆಚ್ಚು ತೆರೆಯುವ ಹೋಂಡಾದ ಎಂಜಿನ್) ಸುಮಾರು 106 ಕುದುರೆ ಶಕ್ತಿ. ಅಳಿಯನದು 1.3. ಅವನು ಮುಂಬೈನ ಕುರ್ಲಾ ಕಡೆಯಿಂದ ಹಳೆಯ ವಿಟೆಕ್ ಎಂಜಿನ್ ತರಿಸಿ ಕೂರಿಸಿದ. ಅದೇ ವಾರ 13 ಇಂಚಿನ ಚಕ್ರ ತೆಗೆದು 15 ಇಂಚಿನ ಅಲಾಯ್, ಅಂದರೆ ಮಿಶ್ರಲೋಹದ ಚಕ್ರ, 195/50 ಟೈರ್ ಹಾಕಿಸಿದ. 195 ಅಂದರೆ ಟೈರಿನ ಅಗಲ ಮಿ.ಮೀ.ನಲ್ಲಿ, 50 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಐವತ್ತು.

ಒಂದೇ ವಾರದಲ್ಲಿ ಎರಡೂ. ತೊಂದರೆ ಶುರುವಾಗಿದ್ದು ಇಲ್ಲೇ. ಎಂಜಿನ್ ಕೂರಿಸಿದವರು "ಚಕ್ರದ್ದು" ಅಂತಾರೆ. ಟೈರ್ ಅಂಗಡಿಯವರು "ಎಂಜಿನ್ನಿನದು" ಅಂತಾರೆ. ನಡುವೆ ನಮ್ಮ ಹುಡುಗ. ನಾನು ಭೋಸರಿಯಲ್ಲಿ ಟೂಲ್ ರೂಮ್ ಕೆಲಸದವನು, ಮೆಕ್ಯಾನಿಕ್ ಅಲ್ಲ. ಆದರೆ ತಿರುಗುವ ವಸ್ತು ಯಾಕೆ ನಡುಗುತ್ತದೆ ಅನ್ನೋದು ನಮಗೆ ದಿನದ ಗೋಳು. ಭಾನುವಾರ ಬಾ ಅಂದೆ.

ರಸ್ತೆಗೆ ಇಳಿಯುವ ಮುಂಚೆ

ನಡುಗುವ ಕಾರನ್ನು ವೇಗವಾಗಿ ಓಡಿಸಿ ನೋಡುವ ಮೊದಲು ನಟ್ಟು ನೋಡಿ. 16 ನಟ್ಟಿಗೂ ಪಾನಾ ಹಾಕಿದೆ. ಎಡಗಡೆ ಮುಂದಿನ ಚಕ್ರದಲ್ಲಿ ಎರಡು ನಟ್ಟು ಕಾಲು ಸುತ್ತು ತಿರುಗಿದವು. ಅಂದರೆ ಸಡಿಲಾಗುತ್ತಿವೆ. ಇದನ್ನು ನೆನಪಿಡಿ, ಆಮೇಲೆ ಬರುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ಉಬ್ಬು ಇದ್ದರೆ ಪರೀಕ್ಷೆ ಅಲ್ಲೇ ನಿಲ್ಲಿಸಿ, ಆ ಟೈರಿನಲ್ಲಿ ಓಡಿಸಲೇಬೇಡಿ.

ಪರೀಕ್ಷೆಗೆ ಇಬ್ಬರು ಬೇಕು. ಒಬ್ಬ ಓಡಿಸಬೇಕು, ಒಬ್ಬ ಬರೆಯಬೇಕು. ನಾವು ಬೆಳಿಗ್ಗೆ 6ಕ್ಕೆ ದೇಹೂರೋಡ್‌ನಿಂದ ತಳೇಗಾಂವ್ ಕಡೆಗೆ ಹಳೆಯ ಮುಂಬೈ ಹೆದ್ದಾರಿ ಹಿಡಿದೆವು. ಆ ಹೊತ್ತಿಗೆ ಖಾಲಿ ಇರುತ್ತದೆ. ರಾತ್ರಿಯಿಡೀ ನಿಂತ ಟೈರ್ ತಳದಲ್ಲಿ ಸ್ವಲ್ಪ ಚಪ್ಪಟೆಯಾಗಿರುತ್ತದೆ. ಹಾಗಾಗಿ ಮೊದಲ 10 ಕಿ.ಮೀ. ಏನನ್ನೂ ಬರೆಯಬೇಡಿ.

ನಡುಕ ಯಾರ ಹಿಂದೆ ಹೋಗುತ್ತದೆ?

ಯಾವ ಪಾರ್ಟ್ ಕೆಟ್ಟಿದೆ ಅಂತ ಕೇಳಿದರೆ ನೂರು ಉತ್ತರ ಸಿಗುತ್ತವೆ. ನಡುಕ ಯಾವುದನ್ನು ಹಿಂಬಾಲಿಸುತ್ತದೆ ಅಂತ ಕೇಳಿ. ಉತ್ತರ ಮೂರೇ: ಚಕ್ರ, ಎಂಜಿನ್, ಇಲ್ಲವೇ ನಿಮ್ಮ ಬಲಗಾಲು.

ಮೊದಲು ಗಂಟೆಗೆ 90 ಕಿ.ಮೀ.ನಲ್ಲಿ 5ನೇ ಗೇರ್. ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರ್ ನಿಮಿಷಕ್ಕೆ 2700. ಸ್ಟೇರಿಂಗ್ ನಡುಗುತ್ತಿತ್ತು, ಜೊತೆಗೆ ಸೀಟಿನ ಕೆಳಗಿನಿಂದ ಗುಂಯ್ ಅನ್ನುವ ಸದ್ದು. ಅದೇ 90ರಲ್ಲಿ 4ನೇ ಗೇರಿಗೆ ಇಳಿಸಿದೆವು. ಎಂಜಿನ್ 3600ಕ್ಕೆ ಏರಿತು. ಸ್ಟೇರಿಂಗ್ ನಡುಕ ಕೂದಲಷ್ಟೂ ಬದಲಾಗಲಿಲ್ಲ. ಗುಂಯ್ ಮಾತ್ರ ಮಾಯ. ವೇಗ ಇಳಿಸುತ್ತಾ ಬಂದೆವು. 67ರಲ್ಲಿ, 4ನೇ ಗೇರಿನಲ್ಲೇ, ಮುಳ್ಳು ಮತ್ತೆ 2700ಕ್ಕೆ ಬಂತು. ಗುಂಯ್ ವಾಪಸ್ಸು. ಈಗ ಸ್ಟೇರಿಂಗ್ ನಡುಕ ಇಲ್ಲ.

ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ನಡುಕ ಒಂದಲ್ಲ, ಎರಡು. ಒಂದು ವೇಗದ ಹಿಂದೆ ಹೋಗುತ್ತದೆ, ಇನ್ನೊಂದು ಎಂಜಿನ್ ಸುತ್ತಿನ ಹಿಂದೆ. ಅಳಿಯ ಎರಡನ್ನೂ ಸೇರಿಸಿ "ವೈಬ್ರೇಷನ್" ಅನ್ನುತ್ತಿದ್ದ.

ಖಾತ್ರಿಗೆ ಇನ್ನೊಂದು ಪರೀಕ್ಷೆ. 95ರಲ್ಲಿ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಕಾರನ್ನು ತನ್ನಷ್ಟಕ್ಕೆ ಬಿಡಿ. ಎಂಜಿನ್ ಐಡ್ಲಿಂಗ್‌ಗೆ, ಅಂದರೆ ಎಕ್ಸಲರೇಟರ್ ಒತ್ತದಾಗಿನ ನಿಧಾನ ಸುತ್ತಿಗೆ, ಇಳಿಯುತ್ತದೆ, ಚಕ್ರ ಅದೇ ವೇಗದಲ್ಲಿ ಸುತ್ತುತ್ತದೆ. ಆಗಲೂ ನಡುಗಿದರೆ ಎಂಜಿನ್ ನಿರಪರಾಧಿ. ಕೀ ಮಾತ್ರ ಆಫ್ ಮಾಡಬೇಡಿ. ಬ್ರೇಕಿನ ಬೂಸ್ಟರ್ ಸತ್ತು ಪೆಡಲ್ ಕಲ್ಲಾಗುತ್ತದೆ, ಕೀ ಪೂರ್ತಿ ತಿರುಗಿದರೆ ಸ್ಟೇರಿಂಗ್ ಲಾಕ್ ಆಗಬಹುದು.

ಕೊನೆಯದು ಬಲಗಾಲಿನ ಪರೀಕ್ಷೆ. 60ರಲ್ಲಿ 3ನೇ ಗೇರ್, ಎಕ್ಸಲರೇಟರ್ ಪೂರ್ತಿ. ಕಾರಿನ ಮೂತಿ ತೊಟ್ಟಿಲು ತೂಗಿದ ಹಾಗೆ ಎಡಕ್ಕೆ ಬಲಕ್ಕೆ ಓಲಾಡಿತು. ಕಾಲೆತ್ತಿದ ಕ್ಷಣ ನಿಂತಿತು. ಅಳಿಯ ನನ್ನ ಮುಖ ನೋಡಿದ. "ಇದನ್ನ ನಾನು ಪವರ್ ಜಾಸ್ತಿ ಆಗೇತಿ ಅಂದ್ಕೊಂಡಿದ್ದೆ ಮಾಮಾ." ಮೂರನೆಯ ದೋಷ.

ಬ್ರೇಕ್ ಒತ್ತಿದಾಗ ಮಾತ್ರ ನಡುಗುವುದು ನಾಲ್ಕನೆಯ ಜಾತಿ, ಬ್ರೇಕ್ ಡಿಸ್ಕಿನದು. ನಮ್ಮಲ್ಲಿ ಅದಿರಲಿಲ್ಲ.

ಚಕ್ರ

ಹಳೆಯ 13 ಇಂಚಿನ ಚಕ್ರಗಳನ್ನು ಮಾರಿರದಿದ್ದರೆ ನಿಮ್ಮ ಅರ್ಧ ದಿನ ಉಳಿಯಿತು. ಅವನ್ನು ಹಾಕಿ ಓಡಿಸಿ. ನಾವು ಹಾಗೇ ಮಾಡಿದೆವು, 100ರಲ್ಲೂ ಸ್ಟೇರಿಂಗ್ ಗುಂಡುಕಲ್ಲಿನ ಹಾಗೆ ಇತ್ತು. ಅಂದಮೇಲೆ ಬೇರಿಂಗ್, ಬಾಲ್ ಜಾಯಿಂಟ್, ಸ್ಟೇರಿಂಗ್ ರ‍್ಯಾಕ್ ಇವೆಲ್ಲವನ್ನೂ ಪಟ್ಟಿಯಿಂದ ಹೊಡೆದು ಹಾಕಬಹುದು. ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡುವ ಉಪಾಯ ಎಲ್ಲರಿಗೂ ಗೊತ್ತು. ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ ಆ ಚಕ್ರದ್ದೇ ತಪ್ಪು. ಆದರೆ ನಾಲ್ಕೂ ಚಕ್ರ ತಪ್ಪಾಗಿ ಕೂತಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮದು ಹಾಗೇ ಇತ್ತು.

ಅಲಾಯ್ ಬಿಚ್ಚಿ, ಅಳತೆಗೆ ವರ್ನಿಯರ್ ಹಿಡಿದೆ. ಹೋಂಡಾದ ಹಬ್ಬಿನ (ಚಕ್ರವನ್ನು ಕೂರಿಸುವ, ಕಾರಿನ ಕಡೆಯ ತಿರುಗುವ ತುಂಡು) ನಡುವೆ ಮುಂದಕ್ಕೆ ಚಾಚಿದ ಬಳೆಯಂಥ ಅಂಚು ಇರುತ್ತದೆ. ಅದರ ವ್ಯಾಸ 56.1 ಮಿ.ಮೀ. ಕಂಪನಿಯ ರಿಮ್ಮಿನ ನಡುವಿನ ತೂತು ಅದರ ಮೇಲೆ ಸರಿಯಾಗಿ ಕೂರುತ್ತದೆ. ಚಕ್ರವನ್ನು ನಡುವಿಗೆ ತರುವುದು ಆ ಅಂಚು. ಹೊರಗಿನ ಅಲಾಯ್ ಮಾಡುವವರು ಹತ್ತು ಕಾರಿಗೆ ಹೊಂದಲಿ ಅಂತ ನಡುವಿನ ತೂತು ದೊಡ್ಡದಾಗಿ ಇಡುತ್ತಾರೆ. ನಮ್ಮದರಲ್ಲಿ 73.1. ಸುತ್ತಲೂ 8.5 ಮಿ.ಮೀ. ಸಂದು, ಪೆನ್ಸಿಲ್ ತೂರಿಸಿದರೆ ಹೋಗುತ್ತಿತ್ತು. ಈ ಸಂದು ತುಂಬುವ ಹಬ್ ರಿಂಗ್ ಅಂತ ಒಂದು ಬಳೆ ಬರುತ್ತದೆ. ಅಂಗಡಿಯವರು ಕೊಟ್ಟಿರಲಿಲ್ಲ, ಇವನು ಕೇಳಿರಲಿಲ್ಲ.

ಸ್ಟಡ್ ಅಂದರೆ ನಟ್ಟು ಏರುವ ಹಬ್ಬಿನ ಬೋಲ್ಟು. ಅವುಗಳ ಅಂತರ ಎರಡೂ ಕಡೆ 4×100, ಅಂದರೆ 100 ಮಿ.ಮೀ. ವ್ಯಾಸದ ವೃತ್ತದ ಮೇಲೆ ನಾಲ್ಕು, ಹಾಗಾಗಿ ರಿಮ್ ಕೂತಿತು. ಕೂತಿತು ಅಂದರೆ ನಡುವಿಗೆ ಬಂತು ಅಂತಲ್ಲ.

ಬ್ಯಾಲೆನ್ಸಿಂಗ್ ಮಷೀನ್ ಯಾಕೆ ಸೊನ್ನೆ ತೋರಿಸುತ್ತದೆ? ಅಲ್ಲಿ ನಡುವಿನ ತೂತಿಗೇ ಕೋನ್ ಹಾಕಿ ಚಕ್ರವನ್ನು ಹಿಡಿಯುತ್ತಾರೆ. ಮಷೀನಿನಲ್ಲಿ ಚಕ್ರ ಪಕ್ಕಾ ನಡುವಿನಲ್ಲಿದೆ. ಕಾರಿನಲ್ಲಿ ಇಲ್ಲ. ಮಷೀನ್ ಸುಳ್ಳು ಹೇಳಿಲ್ಲ, ಅದನ್ನು ಕೇಳಿದ ಪ್ರಶ್ನೆಯೇ ಬೇರೆ. ಲೆಕ್ಕ ಮಾಡಿ ನೋಡಿ. ಟೈರ್ ಸೇರಿ ಚಕ್ರ 16 ಕೆ.ಜಿ. ಇದೆ ಅಂದುಕೊಳ್ಳಿ. ಅರ್ಧ ಮಿ.ಮೀ. ಪಕ್ಕಕ್ಕೆ ಕೂತರೆ, ರಿಮ್ಮಿನ ಅಂಚಿಗೆ 42 ಗ್ರಾಂ ಸೀಸ ಅಂಟಿಸಿದ್ದಕ್ಕೆ ಸಮ. 195/50 ಆರ್ 15 ಟೈರಿನ ಸುತ್ತಳತೆ ಸುಮಾರು 1.81 ಮೀಟರ್. 90ರ ವೇಗ ಅಂದರೆ ಸೆಕೆಂಡಿಗೆ 25 ಮೀಟರ್, ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 14 ಸುತ್ತು. ಆ ವೇಗದಲ್ಲಿ ಈ ಅರ್ಧ ಮಿ.ಮೀ. ಹಬ್ಬನ್ನು ಸುಮಾರು 6 ಕೆ.ಜಿ. ಭಾರದಷ್ಟು ಎಳೆಯುತ್ತದೆ, ಸೆಕೆಂಡಿಗೆ 14 ಸಲ. ಸ್ಟೇರಿಂಗ್ ನಡುಗದೆ ಇರುತ್ತಾ?

ರಿಂಗ್ ಇಲ್ಲದಿದ್ದರೂ ನಟ್ಟು ಸರಿ ಇದ್ದರೆ ಚಕ್ರ ಬಹುಮಟ್ಟಿಗೆ ನಡುವಿಗೆ ಬರುತ್ತದೆ. ಇಲ್ಲಿ ನಟ್ಟೂ ತಪ್ಪು. ಹೋಂಡಾ ಕಂಪನಿಯ ನಟ್ಟಿನ ತಳ ಗೋಲಿಯ ಹಾಗೆ ದುಂಡಗೆ. ಹೊರಗಿನ ಅಲಾಯ್‌ಗಳ ತೂತು ಬಹುತೇಕ 60 ಡಿಗ್ರಿಯ ಆಲಿಕೆಯ ಹಾಗೆ ಇಳಿಜಾರು. ಇಳಿಜಾರು ತೂತಿಗೆ ದುಂಡು ನಟ್ಟು ಹಾಕಿದರೆ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ. ರಿಮ್ಮನ್ನು ಬಿಸಿಲಿಗೆ ಹಿಡಿದು ನೋಡಿದೆ. ಪ್ರತಿ ತೂತಿನ ಒಳಗೆ ದಾರದಷ್ಟು ಸಣ್ಣ ಹೊಳೆಯುವ ಉಂಗುರ, ಉಗುರು ಆಡಿಸಿದರೆ ತಡೆಯುತ್ತಿತ್ತು. ಸರಿಯಾದ ನಟ್ಟಾಗಿದ್ದರೆ ಅಲ್ಲಿ ಅಗಲವಾದ ಪಟ್ಟಿ ಕಾಣಬೇಕು. ಆ ಗೆರೆ ಸವೆದಂತೆ ನಟ್ಟು ಸಡಿಲಾಗುತ್ತದೆ. ಬೆಳಿಗ್ಗೆ ಕಾಲು ಸುತ್ತು ತಿರುಗಿದ್ದು ಅದಕ್ಕೇ. ನಿಜ ಹೇಳಬೇಕೆಂದರೆ ಸ್ಟೇರಿಂಗ್ ನಡುಕಕ್ಕಿಂತ ನನಗೆ ಭಯ ಆಗಿದ್ದು ಇದನ್ನು ನೋಡಿ.

ಹಿಂದಿನ ಎರಡು ಚಕ್ರಕ್ಕೆ 5 ಮಿ.ಮೀ. ಸ್ಪೇಸರ್, ಅಂದರೆ ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಬಿಲ್ಲೆ, ಬೇರೆ ಹಾಕಿಸಿದ್ದ, ಚಕ್ರ ಹೊರಗೆ ಕಾಣಲಿ ಅಂತ. ಸ್ಟಡ್ ಎಂ12, ಪಿಚ್ 1.5, ಅಂದರೆ ವ್ಯಾಸ 12 ಮಿ.ಮೀ., ಒಂದು ಸುತ್ತಿಗೆ ನಟ್ಟು 1.5 ಮಿ.ಮೀ. ಏರುತ್ತದೆ. ನಟ್ಟು ಕಡಿಮೆ ಅಂದರೂ ಸ್ಟಡ್ಡಿನ ವ್ಯಾಸದಷ್ಟು, ಅಂದರೆ 12 ಮಿ.ಮೀ., ಅಂದರೆ 8 ಪೂರ್ತಿ ಸುತ್ತು ಹಿಡಿಯಬೇಕು. ಎಣಿಸಿದೆ, 6ಕ್ಕೆ ನಿಂತಿತು. ಸ್ಪೇಸರ್ ಕಳಚಿ ಡಬ್ಬಿಗೆ ಹಾಕಿದೆ. ಮುಖ ಸಪ್ಪೆ ಮಾಡಿಕೊಂಡ, ಮಾಡಿಕೊಳ್ಳಲಿ.

ರಿಂಗನ್ನು ಲೇತ್ ಮೇಲೆ ನಾನೇ ತಿರುಗಿಸಿದೆ. ಅಲ್ಯೂಮಿನಿಯಂ, ಹೊರಗೆ 73.0, ಒಳಗೆ 56.15. ಪ್ಲಾಸ್ಟಿಕ್ಕಿನದೂ ಸಿಗುತ್ತದೆ, ನಡೆಯುತ್ತದೆ. ಆದರೆ ಘಾಟಿನಲ್ಲಿ ಬ್ರೇಕ್ ಕಾದಾಗ ಮೆತ್ತಗಾಗಬಹುದು. ಅಲ್ಯೂಮಿನಿಯಂ ಹಾಕಿದರೆ ತೆಳುವಾಗಿ ಗ್ರೀಸ್ ಸವರಿ, ಇಲ್ಲದಿದ್ದರೆ ಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಗೋವಾ, ಮುಂಬೈ ಕಡೆ ಉಪ್ಪುಗಾಳಿಗೆ ಇನ್ನೂ ಬೇಗ. ರಿಂಗ್ ಭಾರ ಹೊರುವುದಿಲ್ಲ, ನಟ್ಟು ಬಿಗಿಯುವಾಗ ಚಕ್ರವನ್ನು ನಡುವಿಗೆ ಹಿಡಿಯುತ್ತದೆ ಅಷ್ಟೇ. ಭಾರ ಹೊರುವುದು ನಟ್ಟಿನ ಬಿಗಿ.

ಇಳಿಜಾರು ತಳದ ಹೊಸ ನಟ್ಟು 16 ತಂದೆವು. ಚಕ್ರ ಗಾಳಿಯಲ್ಲಿರುವಾಗಲೇ ಕೈಯಲ್ಲಿ ಹಚ್ಚಿ, ಎದುರು ಬದುರಾಗಿ ಅರ್ಧ ಬಿಗಿ ಮಾಡಿ, ಇಳಿಸಿ, ಆಮೇಲೆ ಟಾರ್ಕ್ ಪಾನಾದಲ್ಲಿ 108 ನ್ಯೂಟನ್ ಮೀಟರ್. 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ. ಗಾಳಿ ಗನ್ನಿನಲ್ಲಿ ಗರ್ ಅನ್ನಿಸಿ ಕೈ ತೊಳೆದುಕೊಳ್ಳುವವರ ಹತ್ತಿರ ಅಲಾಯ್ ಹಾಕಿಸಬೇಡಿ.

ಇಷ್ಟು ಮಾಡಿದ ಮೇಲೆ ನಡುಕ ಮುಕ್ಕಾಲು ಹೋಯಿತು. ಉಳಿದ ಕಾಲು ಬಲಗಡೆ ಮುಂದಿನ ರಿಮ್ಮಿನದು. ಜಾಕ್ ಸ್ಟ್ಯಾಂಡಿಗೆ ಪೆನ್ನು ಕಟ್ಟಿ, ತುದಿಯನ್ನು ರಿಮ್ಮಿನ ಒಳ ಅಂಚಿನ ಹತ್ತಿರ ಇಟ್ಟು, ಕೈಯಲ್ಲಿ ಚಕ್ರ ತಿರುಗಿಸಿ. ಸಂದು ಹೆಚ್ಚು ಕಡಿಮೆ ಆಗುವುದು ಕಣ್ಣಿಗೇ ಕಾಣುತ್ತದೆ. ಡಯಲ್ ಗೇಜ್ ಹಚ್ಚಿ ಅಳೆದರೆ 1.8 ಮಿ.ಮೀ. ಔಟ್. 1 ದಾಟಿದರೆ ನನಗೆ ಅನುಮಾನ ಶುರು. ಪುಣೆಯ ಗುಂಡಿಗಳ ಕೃಪೆ. ಹಳೆಯ 175/70 ಟೈರಿನ ಪಕ್ಕದ ಗೋಡೆ 122 ಮಿ.ಮೀ. ಎತ್ತರ ಇತ್ತು, ಹೊಸದು 97. ಮಧ್ಯದ ಮೆತ್ತೆ ಒಂದು ಇಂಚು ಕಡಿಮೆ. ಬಡಿತ ನೇರ ರಿಮ್ಮಿಗೆ. ಬೆಂಕಿ ಹಚ್ಚಿ ಬಡಿದು ಸರಿಮಾಡುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಆ ರಿಮ್ ಬದಲಿಸಿದೆವು.

ರಿಮ್ಮಿನ ಒಳಮೈಯಲ್ಲಿ ಒಣಗಿದ ಕೆಸರೂ ನೋಡಿ. ಮಳೆಗಾಲದಲ್ಲಿ ಅಂಗೈ ಅಗಲದ ಹೆಂಟೆ ಅಂಟಿರುತ್ತದೆ. ಅದರ ಮೇಲೇ ಬ್ಯಾಲೆನ್ಸಿಂಗ್ ಮಾಡಿ ಕಳಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಾಲಿನ ಹಿಂದೆ ಹೋಗುವ ಓಲಾಟ

ಎಕ್ಸಲರೇಟರ್ ಒತ್ತಿದಾಗ ಮಾತ್ರ ಓಲಾಡಿದರೆ ಎಕ್ಸೆಲ್ಲಿನ, ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡದ, ಒಳತುದಿಯ ಜಾಯಿಂಟ್ ನೋಡಿ, ಗೇರ್‌ಬಾಕ್ಸ್ ಕಡೆಯದು. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅನ್ನುವುದು ಹೊರತುದಿಯದು, ಅದು ಬೇರೆ ರೋಗ.

ಒಳ ಜಾಯಿಂಟಿನಲ್ಲಿ ಮೂರು ರೋಲರ್ ಇರುತ್ತವೆ, ಒಂದು ಬಟ್ಟಲಿನ ಮೂರು ತೋಡುಗಳಲ್ಲಿ ಓಡುತ್ತವೆ. ಎಕ್ಸೆಲ್ ನೇರವಾಗಿದ್ದಷ್ಟೂ ಅವಕ್ಕೆ ಸುಖ. ಎಂಜಿನ್ ಎತ್ತರ ಹೆಚ್ಚು ಕಡಿಮೆ ಆದರೆ ಕೋನ ಜಾಸ್ತಿ ಆಗಿ ರೋಲರ್ ಹಿಂದೆ ಮುಂದೆ ಉಜ್ಜುತ್ತವೆ. ಫೋನಿನ ಮಟ್ಟ ನೋಡುವ ಆ್ಯಪ್ ತೆರೆದು ಎಡ ಬಲ ಎರಡೂ ಎಕ್ಸೆಲ್ ಮೇಲೆ ಇಟ್ಟೆ. ಚಕ್ರ ನೆಲದ ಮೇಲೇ ಇರಬೇಕು, ಜಾಕ್ ಮೇಲಲ್ಲ. ಎಡಗಡೆ ಕೋನ ಎದ್ದು ಕಾಣುವಷ್ಟು ಜಾಸ್ತಿ. ಯಾಕೆ ಅಂತ ತಲೆ ಒಳಗೆ ಹಾಕಿದರೆ, ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ (ಎಂಜಿನ್ನನ್ನು ಬಾಡಿಗೆ ಹಿಡಿಯುವ ರಬ್ಬರ್ ಕೂರು) ಕೆಳಗೆ ಮೂರು ವಾಷರ್. ಬೋಲ್ಟಿನ ತೂತು ಸೇರದಿದ್ದಾಗ ಯಾರೋ ಎತ್ತರಿಸಿ ಕೂರಿಸಿದ್ದಾರೆ.

ವಾಷರ್ ತೆಗೆದೆವು. ಎಲ್ಲ ಮೌಂಟಿಂಗ್ ಬೋಲ್ಟೂ ಸಡಿಲಿಸಿ, ಎಂಜಿನ್ ತನ್ನ ಭಾರಕ್ಕೆ ತಾನೇ ಕೂರಲು ಬಿಟ್ಟು, ಅಲುಗಾಡಿಸಿ, ಆಮೇಲೆ ಬಿಗಿ ಮಾಡಿದೆವು. ಒಂದೊಂದನ್ನೇ ಪೂರ್ತಿ ಬಿಗಿ ಮಾಡುತ್ತ ಹೋದರೆ ಕೊನೆಯ ರಬ್ಬರ್ ಸೊಟ್ಟಗೆ ತಿರುಚಿಕೊಂಡು ಕೂರುತ್ತದೆ. ಎಡ ಜಾಯಿಂಟ್ ಬಿಚ್ಚಿದಾಗ ಬಟ್ಟಲಿನ ತೋಡಿನಲ್ಲಿ ಬೆರಳಿಗೆ ತಾಗುವಷ್ಟು ತಗ್ಗು ಬಿದ್ದಿತ್ತು. ಅದನ್ನೂ ಬದಲಿಸಿದೆವು. ಓಲಾಟ ನಿಂತಿತು.

2700ರ ಗುಂಯ್

ನಿಂತ ಕಾರಿನಲ್ಲೇ 2700ಕ್ಕೆ ರೇಸ್ ಮಾಡಿದರೆ ಇದು ಬರುತ್ತಿತ್ತು. ಕ್ಲಚ್ ತುಳಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ತುಳಿದಾಗ ಬದಲಾಗಿದ್ದರೆ ಕ್ಲಚ್ ಪ್ಲೇಟ್ ಅಥವಾ ಗೇರ್‌ಬಾಕ್ಸ್ ಕಡೆ ಹೋಗುತ್ತಿದ್ದೆ.

ಮೊದಲು ಸೈಲೆನ್ಸರ್. ಹೊಸ ಎಂಜಿನ್ನಿಗೆ ಪೈಪ್ ಕತ್ತರಿಸಿ ವೆಲ್ಡ್ ಮಾಡಿದ್ದರು. ಕಾರು ತಣ್ಣಗಾದ ಮೇಲೆ ಕೆಳಗೆ ಟಾರ್ಚ್ ಬಿಟ್ಟರೆ, ಅಡ್ಡಪಟ್ಟಿಯ ಹತ್ತಿರ ಪೈಪಿನ ಮೇಲೆ ಹುಣಸೆ ಬೀಜದಷ್ಟು ಜಾಗ ಬೆಳ್ಳಗೆ ಉಜ್ಜಿತ್ತು. ಎಂಜಿನ್ ತಿರುಗಿದಾಗ ಅಲ್ಲಿ ತಾಗುತ್ತಿದೆ. ರಬ್ಬರ್ ಕೊಕ್ಕೆ ಬದಲಿಸಿ ಒಂದು ಬೆರಳು ಸಂದು ಬಿಡಿಸಿದೆವು. ಗುಂಯ್ ಅರ್ಧ ಇಳಿಯಿತು. ಇನ್ನರ್ಧ?

ಎಂಜಿನ್ ತುದಿಯಲ್ಲಿ ಬೆಲ್ಟ್ ಓಡಿಸುವ ಕ್ರ್ಯಾಂಕ್ ಪುಲ್ಲಿ ಒಂದೇ ಕಬ್ಬಿಣದ ತುಂಡಲ್ಲ. ಒಳಗೊಂದು ಬಳೆ, ಹೊರಗೊಂದು ಬಳೆ, ನಡುವೆ ರಬ್ಬರ್. 20 ವರ್ಷ ದಾಟಿದ ಎಂಜಿನ್ನಿನಲ್ಲಿ ಆ ರಬ್ಬರ್ ಕಿತ್ತುಕೊಂಡಿರಬಹುದು. ಎಂಜಿನ್ ನಿಲ್ಲಿಸಿ, ಒಳ ಬಳೆಯಿಂದ ಹೊರ ಬಳೆಯವರೆಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆದೆ. ಒಣಗಲು ಬಿಟ್ಟು, ಎಸಿ ಹಾಕಿ ನಿಗಡಿ ತನಕ ಹೋಗಿ ಬಂದೆವು. ಗೆರೆ ತುಂಡಾಗಿತ್ತು. ಹೊರಗಿನ ತುಂಡು ಎರಡು ಬೆರಳು ಪಕ್ಕಕ್ಕೆ ಸರಿದಿತ್ತು. ಅಂದರೆ ರಬ್ಬರ್ ಕಿತ್ತಿದೆ, ಗುಂಯ್‌ನ ಇನ್ನರ್ಧ ಇದರದ್ದೇ. ಅಳಿಯ ಫೋಟೋ ತೆಗೆದುಕೊಂಡ. ಹೊರ ಬಳೆ ಪೂರ್ತಿ ಕಳಚಿದರೆ ಬೆಲ್ಟ್ ಹಾರುತ್ತದೆ, ಪಕ್ಕದ ಟೈಮಿಂಗ್ ಕವರ್ ಒಡೆಯಬಹುದು. ಹಳೆಯ ಎಂಜಿನ್ ತರುವವರು ಟೈಮಿಂಗ್ ಬೆಲ್ಟ್ ಬದಲಿಸುವಾಗಲೇ ಈ ಪುಲ್ಲಿಯನ್ನೂ ನೋಡಿಬಿಡಿ.

ಐಡ್ಲಿಂಗ್‌ನಲ್ಲಿ ಕುಂಟುವುದು ಇವೆರಡಕ್ಕೂ ಸೇರಿದ್ದಲ್ಲ. ಅದು ಮಿಸ್ಸಿಂಗ್. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ವೈರ್ ಪ್ಲಗ್ ಒಂದೊಂದಾಗಿ ಕಳಚಿ ನೋಡಿ, ಯಾವುದನ್ನು ತೆಗೆದರೂ ವ್ಯತ್ಯಾಸ ಆಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಇನ್ನು 1.3ರ ವೈರಿಂಗಿನಲ್ಲಿ ವಿಟೆಕ್ ಸೊಲೆನಾಯ್ಡ್‌ಗೆ (ವಿಟೆಕ್ಕನ್ನು ಚಾಲೂ ಮಾಡುವ ಕರೆಂಟಿನ ವಾಲ್ವ್) ವೈರ್ ಇರುವುದಿಲ್ಲ, ಹೊಸದಾಗಿ ಎಳೆಯಬೇಕು. ಎಂಜಿನ್ ದೀಪ ಎರಡು ಉದ್ದ ಒಂದು ಗಿಡ್ಡ ಮಿಟುಕಿಸಿದರೆ ಕೋಡ್ 21, ಸೊಲೆನಾಯ್ಡ್ ವೈರ್. ಎರಡು ಉದ್ದ ಎರಡು ಗಿಡ್ಡ ಆದರೆ 22, ವಿಟೆಕ್‌ನ ಆಯಿಲ್ ಪ್ರೆಶರ್ ಸ್ವಿಚ್.

ಕಿವಿಗೆ ಗೊತ್ತಾಗದಿದ್ದರೆ

ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಪುಕ್ಕಟೆ. ಫೋನನ್ನು ಸೀಟಿನ ಕಂಬಿಗೆ ಟೇಪ್ ಹಾಕಿ ಕಟ್ಟಿ, ನಡುಕ ಸೆಕೆಂಡಿಗೆ ಎಷ್ಟು ಸಲ ಅಂತ ತೋರಿಸುತ್ತದೆ. 90ರ ವೇಗದಲ್ಲಿ ಗ್ರಾಫಿನ 14ರ ಹತ್ತಿರ ಗೋಪುರ ಎದ್ದರೆ ಚಕ್ರ. ಗ್ರಾಫಿನ 45ರ ಹತ್ತಿರ ಎದ್ದರೆ ನಿಮಿಷಕ್ಕೆ 2700 ಸುತ್ತಿನ ಎಂಜಿನ್. ಸೆನ್ಸರ್ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೋ ಅದರ ಅರ್ಧಕ್ಕಿಂತ ಮೇಲಿನ ಅಂಕಿಯನ್ನು ನಂಬಬೇಡಿ. ಪರೀಕ್ಷೆ ಮಾಡದೆ ಇದೊಂದನ್ನೇ ನೆಚ್ಚಿಕೊಂಡರೆ ತಲೆ ಕೆಡುತ್ತದೆ.

ಕಾಗದದ ಮಾತು ಒಂದಿಷ್ಟು. ಆರ್‌ಸಿಯಲ್ಲಿ ಎಂಜಿನ್ ನಂಬರ್ ಇರುತ್ತದೆ, ಸುಮ್ನೆ ಬದಲಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ, ಆರ್‌ಟಿಒದಲ್ಲಿ ಮೊದಲೇ ಕೇಳಿ. 2019ರ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ವಿಮೆಯವರು ಕ್ಲೇಮಿನ ದಿನ ಮೊದಲು ನೋಡುವುದೂ ಈ ನಂಬರನ್ನೇ. ಅಳಿಯನ ಫೈಲು ಇನ್ನೂ ಆರ್‌ಟಿಒದಲ್ಲೇ ಇದೆ.

ಹೋದ ಭಾನುವಾರ ಸಾತಾರಾ ರಸ್ತೆಯಲ್ಲಿ ಖಂಬಾಟಕಿ ಘಾಟಿನವರೆಗೆ ಹೋಗಿ ಬಂದೆವು. 95ರಲ್ಲಿ ಸ್ಟೇರಿಂಗ್ ಶಾಂತ. ಒಂದು ಬಾಕಿ ಇದೆ. ಸಿಗ್ನಲ್‌ನಲ್ಲಿ ಎಸಿ ಹಾಕಿ ನಿಂತರೆ ಒಳಗಿನ ಕನ್ನಡಿ ಸಣ್ಣಗೆ ಅದುರುತ್ತದೆ. ಮೌಂಟಿಂಗ್ ಒಳಗೆ ರೇಸಿಂಗ್‌ನವರು ಹಾಕುವ ಗಟ್ಟಿ ಪಾಲಿಯುರೆಥೇನ್ ತುಂಬಿಸಿದ್ದಾನೆ, ಅದರದ್ದೇ ಕೆಲಸ ಅಂತ ನನ್ನ ಅನುಮಾನ. ಹಿಂದಿನದೊಂದಕ್ಕೆ ಕಂಪನಿ ರಬ್ಬರ್ ಹಾಕಿ ನೋಡಬೇಕು. ಬೇರೆ ಏನನ್ನೂ ಮುಟ್ಟದೆ, ಅದೊಂದನ್ನೇ.